ಪಾಲಿಕೆ ಪರವೋ, ವಿರುದ್ಧವೋ?

ಕಲಬುರಗಿಯಲ್ಲಿ ಈಗಷ್ಟೇ ಕರಿಕೋಟು ಹಾಕಿದ ವಕೀಲರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ: ಮಹಾನಗರ ಪಾಲಿಕೆಯ ಪರ ವಾದಿಸುವುದೋ, ಅದರ ವಿರುದ್ಧವೋ? ಎರಡೂ ಒಟ್ಟಿಗೆ ಆಗುವುದಿಲ್ಲ ಅಲ್ವಾ?

ಪಾಲಿಕೆಯ ಪ್ಯಾನೆಲ್ ವಕೀಲರಾದರೆ, ಅಂದರೆ ಪಾಲಿಕೆ ತನ್ನ ಕೇಸು ನಡೆಸಲು ಗೊತ್ತುಮಾಡಿಕೊಂಡವರ ಪಟ್ಟಿಗೆ ಸೇರಿದರೆ, ಕೇಸಿಗೆ ಬರವಿಲ್ಲ. ಅನಧಿಕೃತ ಕಟ್ಟಡ, ಆಸ್ತಿ ತೆರಿಗೆ, ಟೆಂಡರ್. 1976ರ ಮಹಾನಗರ ಪಾಲಿಕೆ ಕಾಯ್ದೆ ಬಾಯಿಪಾಠವೇ ಆಗಿಬಿಡುತ್ತದೆ. ಸರ್ಕಾರಿ ಬಿಲ್ ಪಾಸಾಗುವುದು ಮಾತ್ರ ನಿಧಾನ. ನಾಳೆ ವಿಚಾರಣೆ ಎಂದರೆ ಇಂದು ಸಂಜೆ ಫೈಲಿನ ಹಾಳೆ ಹಾಳೆ ತಿರುವಬೇಕು. ಅನಧಿಕೃತ ಕಟ್ಟಡ ತೆರವಿಗೆ ಕೊಡುವ 321ನೇ ಕಲಮಿನ ನೋಟಿಸ್ ಮನೆಯವರಿಗೆ ಮುಟ್ಟಿದ ಸಹಿ ಸಿಗದಿದ್ದರೆ ಒಳ್ಳೆಯ ಕೇಸೂ ಬಿದ್ದುಹೋಗಬಹುದು.

ಮನೆ ಮಾಲೀಕರ ಪರ ನಿಂತರೆ ಫೀಸು ಬೇಗ ಕೈಗೆ ಬರುತ್ತದೆ. ಕಕ್ಷಿದಾರರನ್ನು ನೀವೇ ಗಳಿಸಬೇಕು. ಹೈಕೋರ್ಟ್ ಪೀಠ ಊರಲ್ಲೇ ಇದೆ, ಪಾಲಿಕೆಯ ಆದೇಶ ಪ್ರಶ್ನಿಸುವ ರಿಟ್ ಅರ್ಜಿಗೆ ಬೆಂಗಳೂರಿಗೆ ಓಡಬೇಕಿಲ್ಲ.

ನನ್ನನ್ನು ಕೇಳಿದರೆ, ಮೊದಲು ಪ್ಯಾನೆಲ್ ವಕೀಲರೊಬ್ಬರ ಬಳಿ ಜೂನಿಯರ್ ಆಗಿ ಸೇರಿ. ಪಾಲಿಕೆಯ ಕುಡಿಯುವ ನೀರಿನ ಪೈಪ್ ಕೆಲಸಕ್ಕೆ ಬಂದ ತಡೆಯಾಜ್ಞೆ ತೆರವಾದ ದಿನದ ಖುಷಿಯೇ ಬೇರೆ.