ಎಂಜಿನ್ ಮೌಂಟ್: ಮರವೋ, ನೈಲಾನೋ, ಅಲ್ಯೂಮಿನಿಯಮ್ಮೋ?

ಚಿಕ್ಕಮಗಳೂರಿನ ಸುತ್ತ ಮಾಡೆಲ್ ವಿಮಾನ ಹಾರಿಸಲು ಬಯಲು ಸಿಗುವುದೇ ಕಷ್ಟ. ಹಾಗಾಗಿ ನಾವು ಕಡೂರು ಕಡೆಗೆ ಇಳಿಯುತ್ತೇವೆ. ರಾಗಿ ಕೊಯ್ದ ಹೊಲ, ಕಾಲಿಗೆ ಚುಚ್ಚುವ ಕೂಳೆ. ಇಳಿಯುವಾಗ ಚಕ್ರ ಸಿಕ್ಕಿಕೊಂಡರೆ ಮೂತಿ ನೆಲಕ್ಕೆ ಬಡಿಯುತ್ತದೆ. ಅದಕ್ಕೇ ಎಂಜಿನ್ ಮೌಂಟ್, ಅಂದರೆ ಎಂಜಿನ್ನನ್ನು ಮೂತಿಗೆ ಹಿಡಿದಿಡುವ ಭಾಗ, ಯಾವುದು ಅನ್ನುವುದು ನಮಗೆ ಮುಖ್ಯ. ಒಂದೇ 46 ಸೈಜಿನ, ಅಂದರೆ ಸುಮಾರು 7.5 ಸಿಸಿಯ ಗ್ಲೋ ಎಂಜಿನ್ನನ್ನು (ಕೆಂಪಗೆ ಕಾಯುವ ಪ್ಲಗ್ಗಿನಿಂದ ಇಂಧನ ಹೊತ್ತಿಸುವಂಥದ್ದು) ಮೂರು ಬಗೆಯಲ್ಲೂ ಕೂರಿಸಿ ಹಾರಿಸಿದ್ದೇನೆ.

ಮರದ್ದು ಹಳೇ ಪದ್ಧತಿ. ಬೀಚ್ ಮರದ ಎರಡು ಪಟ್ಟಿಗಳನ್ನು ಮೂತಿಯೊಳಗೆ ಎಪಾಕ್ಸಿಯಲ್ಲಿ ಅಂಟಿಸಿದರೆ ಆಯಿತು. ಅದುರು ಕಡಿಮೆ. ಆದರೆ ಇಂಧನದ ಎಣ್ಣೆ ಸ್ಕ್ರೂ ತೂತಿಗೆ ಇಳಿದು ಮರ ಮೆತ್ತಗಾಗುತ್ತದೆ. ಒಮ್ಮೆ ಅಂಟಿಸಿದ ಮೇಲೆ ಕೋನ ಬದಲಿಸುವುದೂ ಸುಲಭವಲ್ಲ.

ಕೋನವೇ ಇಲ್ಲಿ ಅಸಲು ವಿಷಯ. ಹಿಂದಿನಿಂದ ನೋಡಿದರೆ ಪ್ರೊಪೆಲ್ಲರ್ ಬಲಕ್ಕೆ ಸುತ್ತುತ್ತದೆ, ಪೂರ್ತಿ ಥ್ರಾಟಲ್ ಕೊಟ್ಟಾಗ ಮೂತಿ ಎಡಕ್ಕೆ ಎಳೆಯುತ್ತದೆ. ಅದನ್ನು ಸರಿದೂಗಿಸಲು ಎಂಜಿನ್ನನ್ನು 2ರಿಂದ 3 ಡಿಗ್ರಿ ಬಲಕ್ಕೆ ತಿರುಗಿಸಿ ಕೂರಿಸುತ್ತೇವೆ. ಸರಿಯಾದ ಕೋನ ತಿಳಿಯುವುದು ಹಾರಿಸಿದ ಮೇಲೇ. ವಿಮಾನವನ್ನು ನೇರ ಮೇಲಕ್ಕೆ ಏರಿಸಿ ನೋಡಿ. ಆಗಲೂ ಎಡಕ್ಕೆ ವಾಲಿದರೆ ಕೋನ ಸಾಲದು.

ನೈಲಾನ್ ಮತ್ತು ಅಲ್ಯೂಮಿನಿಯಂ ಮೌಂಟ್ ಎರಡೂ ಫೈರ್‌ವಾಲ್‌ಗೆ, ಅಂದರೆ ಎಂಜಿನ್ ಹಿಂದಿನ ಅಡ್ಡ ಹಲಗೆಗೆ, ಬೋಲ್ಟ್ ಆಗುವುದರಿಂದ ಹೊಲದಲ್ಲೇ ಇದನ್ನು ತಿದ್ದಬಹುದು. ಎಡಗಡೆಯ ಬೋಲ್ಟ್‌ಗಳಿಗೆ, ಮೌಂಟ್ ಮತ್ತು ಫೈರ್‌ವಾಲ್ ನಡುವೆ ವಾಷರ್ ಹಾಕಿದರೆ ಎಂಜಿನ್ ಬಲಕ್ಕೆ ತಿರುಗುತ್ತದೆ. ಬೋಲ್ಟ್‌ಗಳ ನಡುವೆ 40 ಮಿ.ಮೀ. ಅಂತರವಿದ್ದರೆ 1 ಮಿ.ಮೀ. ವಾಷರ್ ಸುಮಾರು ಒಂದೂವರೆ ಡಿಗ್ರಿ ಕೊಡುತ್ತದೆ. ಅಳೆಯಲು 11 ಇಂಚಿನ ಪ್ರೊಪೆಲ್ಲರನ್ನು ಅಡ್ಡ ನಿಲ್ಲಿಸಿ, ಎರಡೂ ತುದಿಯಿಂದ ಬಾಲದ ನಡುವಿಗೆ ದಾರ ಹಿಡಿಯುತ್ತೇನೆ. ಬಲಗಡೆಯ ದಾರ ಹೆಚ್ಚುಕಡಿಮೆ 10 ಮಿ.ಮೀ. ಚಿಕ್ಕದಿದ್ದರೆ 2 ಡಿಗ್ರಿ. ಮೌಂಟನ್ನು ಮೊದಲೇ ತುಸು ಎಡಕ್ಕೆ ಸರಿಸಿ ಕೂರಿಸಬೇಕು, ಇಲ್ಲದಿದ್ದರೆ ಸ್ಪಿನ್ನರ್ (ಪ್ರೊಪೆಲ್ಲರ್ ನಡುವಿನ ಚೂಪು ಟೊಪ್ಪಿ) ಮೂತಿಯ ನಡುವಿಗೆ ಬರುವುದಿಲ್ಲ.

ಇಟ್ಟ ಕೋನವನ್ನು ಹಿಡಿದುಕೊಳ್ಳುವುದರಲ್ಲಿ ಅಲ್ಯೂಮಿನಿಯಂ ಮುಂದು. ಎಂಜಿನ್ ಬೋಲ್ಟ್‌ಗೆ ಸುರುಳಿ ಕೊರೆಯುವ 3 ಮಿ.ಮೀ. ಟ್ಯಾಪ್‌ಗೆ 2.5 ಮಿ.ಮೀ. ತೂತು ನೆಟ್ಟಗೆ ಕೊರೆಯಬೇಕು. ಅದನ್ನು ಊರಿನ ಲೇತ್ ಅಂಗಡಿಯಲ್ಲೇ ಮಾಡಿಸಿದೆ. ಆದರೆ ಅದುರೆಲ್ಲ ಸೀದಾ ವಿಮಾನದೊಳಗೆ ಬರುತ್ತದೆ. ಟ್ಯಾಂಕಿನಲ್ಲಿ ಇಂಧನ ನೊರೆಯಾಗಿ ಎಂಜಿನ್ ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಸಿಗುವುದಿಲ್ಲ. ಟ್ಯಾಂಕಿಗೂ ರಿಸೀವರ್‌ಗೂ ದಪ್ಪ ಫೋಮ್ ಸುತ್ತಲೇಬೇಕು. ಅಂದ ಹಾಗೆ, ಕಡೂರು ನಮ್ಮೂರಿಗಿಂತ ತಗ್ಗಿನಲ್ಲಿದೆ, ಗಾಳಿ ತುಸು ದಟ್ಟ. ಮನೆಯಲ್ಲಿ ಸೆಟ್ ಮಾಡಿದ ನೀಡಲನ್ನು (ಇಂಧನದ ಪ್ರಮಾಣ ಹೊಂದಿಸುವ ಸೂಜಿ ಸ್ಕ್ರೂ) ಅಲ್ಲಿ ಸ್ವಲ್ಪ ಬಿಚ್ಚಿದ ಮೇಲೇ ಮೌಂಟ್ ಬಗ್ಗೆ ತೀರ್ಪು ಕೊಡಿ.

ಗ್ಲಾಸ್ ಫೈಬರ್ ಬೆರೆಸಿದ ನೈಲಾನ್ ಅದುರನ್ನು ಒಂದಿಷ್ಟು ನುಂಗುತ್ತದೆ. ಮೂತಿ ಬಡಿದಾಗ ಮೊದಲು ಅದೇ ಮುರಿಯುತ್ತದೆ, ಎಂಜಿನ್ನಿನ ಕಿವಿಗಳು (ಬೋಲ್ಟ್ ಹಾಕುವ ಅಂಚುಗಳು) ಉಳಿಯುತ್ತವೆ. ಅಲ್ಯೂಮಿನಿಯಂ ಇದ್ದಾಗ ಅದೇ ಪೆಟ್ಟಿಗೆ ಫೈರ್‌ವಾಲೇ ಕಿತ್ತು ಬಂದಿತ್ತು. ನೈಲಾನ್ ಬಿಸಿಗೆ ಸ್ವಲ್ಪ ಒತ್ತಿಕೊಳ್ಳುವುದರಿಂದ ಬೋಲ್ಟ್ ಸಡಿಲವಾಗುತ್ತದೆ. ಪ್ರತಿ ಸಲ ಹಾರಿಸುವ ಮೊದಲು ಅಲನ್ ಕೀ ಹಾಕಿ ನೋಡುವುದು ಒಳ್ಳೆಯದು.

46 ಸೈಜಿನವರೆಗೆ, ನಮ್ಮ ಹೊಲಗಳಿಗೆ ನೈಲಾನೇ ಸರಿ ಅಂತ ಧೈರ್ಯವಾಗಿ ಹೇಳುತ್ತೇನೆ. 15 ಸಿಸಿಯ ದೊಡ್ಡ ಎಂಜಿನ್ ಆದರೆ ಅಲ್ಯೂಮಿನಿಯಮ್ಮೇ ಹಾಕಿ, ಫೈರ್‌ವಾಲ್‌ನ ಒಳಮೂಲೆಗಳಿಗೆ ಮೊದಲೇ ತ್ರಿಕೋನದ ಮರದ ಪಟ್ಟಿ ಅಂಟಿಸಿಕೊಳ್ಳಿ.