ಐವತ್ತು ಹರ್ಟ್ಸ್‌ನ ಚಿತ್ರ: ಎಫ್‌ಪಿಜಿಎ ಬೋರ್ಡಿನ ಸ್ಪೆಕ್ಟ್ರಮ್ ಜೊತೆ ಮೂರು ವರ್ಷ

ಡಿಇ10-ನ್ಯಾನೊ ಎಂಬ ಎಫ್‌ಪಿಜಿಎ (ಒಳಗಿನ ವಿದ್ಯುನ್ಮಂಡಲವನ್ನು ಬೇಕಾದಂತೆ ಮತ್ತೆ ಮತ್ತೆ ಜೋಡಿಸಿಕೊಳ್ಳಬಹುದಾದ ಚಿಪ್ಪು) ಬೋರ್ಡನ್ನು ನಾನು ತರಿಸಿಕೊಂಡು ಈ ದೀಪಾವಳಿಗೆ ಮೂರು ವರ್ಷ ತುಂಬಿತು. ಅದರ ಮೇಲೆ ಮಿಸ್ಟರ್ ಎಂಬ ಮುಕ್ತ ಯೋಜನೆಯ, ಹಳೆಯ ಗಣಕಗಳ ಮಂಡಲ ವಿನ್ಯಾಸಗಳಾದ ಕೋರ್‌ಗಳನ್ನು ಹಾಕಿ, 1980ರ ದಶಕದ ಮನೆಗಣಕಗಳನ್ನು, ಮುಖ್ಯವಾಗಿ ಝಡ್‌ಎಕ್ಸ್ ಸ್ಪೆಕ್ಟ್ರಮ್ ಅನ್ನು, ನಡುವೆ ಕೆಲಕಾಲ ಬಿಟ್ಟರೆ, ವಾರದಲ್ಲಿ ನಾಲ್ಕೈದು ಸಂಜೆಯಾದರೂ ಬಳಸುತ್ತ ಬಂದಿದ್ದೇನೆ. ಬೋರ್ಡಿನ ತಾಂತ್ರಿಕ ವಿವರಗಳು ಎಲ್ಲೆಡೆ ಸಿಗುವುದರಿಂದ ಅವನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಆದರೆ ಮೊದಲ ಎಂಟು ತಿಂಗಳು ನನ್ನನ್ನು ಕಾಡಿದ ಒಂದು ತೊಂದರೆಯನ್ನೂ ಅದು ನೀಗಿದ ಬಗೆಯನ್ನೂ ಬರೆಯಲೇಬೇಕು, ಏಕೆಂದರೆ ಕೊಳ್ಳುವ ಮುನ್ನ ನಾನು ಓದಿದ ಯಾವ ವಿಮರ್ಶೆಯೂ ಅದನ್ನು ಒತ್ತಿ ಹೇಳಿರಲಿಲ್ಲ.

ಸ್ಪೆಕ್ಟ್ರಮ್ ಅನ್ನು ನಾನು ಮೊದಲು ಮುಟ್ಟಿದ್ದು 1988ರ ಬೇಸಿಗೆ ರಜೆಯಲ್ಲಿ, ಹುಬ್ಬಳ್ಳಿಯ ಸೋದರಮಾವನ ಮನೆಯಲ್ಲಿ. ಬ್ರಿಟನ್ನಿನಲ್ಲಿ 1982ರಲ್ಲಿ ಬಂದ ಆ ಗಣಕದ ಪ್ಲಸ್ ಮಾದರಿಯನ್ನು ನಮ್ಮ ದೇಶದಲ್ಲಿ 1986ರಿಂದ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಪರವಾನಗಿ ಪಡೆದು ಮಾರುತ್ತಿತ್ತು. ಮಾಮಾ ಕೊಂಡದ್ದು ಅದನ್ನೇ. ಮನೆ ಬದಲಿಸುವಾಗ ಗಣಕ ಯಾರದೋ ಕೈಸೇರಿತು. ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿದ್ದ ಹನ್ನೊಂದು ಕ್ಯಾಸೆಟ್ಟುಗಳು ಮಾತ್ರ ಉಳಿದುಕೊಂಡು, ನಾನು ಭೋಸರಿಯ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಸೇರಿ ಪುಣೆಯಲ್ಲಿ ನೆಲೆನಿಂತ ಮೇಲೆ ನನ್ನ ಬಳಿಗೆ ಬಂದವು. ಈ ಬೋರ್ಡಿಗೆ ಹಣ ಹಾಕಲು ನನಗಿದ್ದ ನಿಜವಾದ ಕಾರಣ ಆ ಡಬ್ಬಿ.

ಲ್ಯಾಪ್‌ಟಾಪಿನಲ್ಲಿ ಎಮ್ಯುಲೇಟರ್ (ಹಳೆಯ ಗಣಕವನ್ನು ಅನುಕರಿಸುವ ತಂತ್ರಾಂಶ) ಹಾಕಿಕೊಂಡರೆ ಸಾಲದೇ ಎಂದು ಗೆಳೆಯರು ಕೇಳುತ್ತಾರೆ. ಆಟವಾಡುವುದಷ್ಟೇ ಉದ್ದೇಶವಾಗಿದ್ದರೆ ಖಂಡಿತ ಸಾಕು. ನನ್ನ ಆಸಕ್ತಿ ಒಳಗಿನ ವಿದ್ಯುನ್ಮಂಡಲದಲ್ಲಿದೆ. ಸ್ಪೆಕ್ಟ್ರಮ್‌ನಲ್ಲಿ ಝಡ್80 ಪ್ರೊಸೆಸರಿನ ಪಕ್ಕದಲ್ಲಿ ಯುಎಲ್‌ಎ ಎಂಬ ಒಂದೇ ಚಿಪ್ಪು ಚಿತ್ರ, ಶಬ್ದ, ಕೀಲಿಮಣೆ, ಟೇಪು ಎಲ್ಲವನ್ನೂ ನೋಡಿಕೊಳ್ಳುತ್ತಿತ್ತು. ಫೆರಾಂಟಿ ಕಂಪನಿ ತಯಾರಿಸುತ್ತಿದ್ದ ಆ ಚಿಪ್ಪಿನ ಮೇಲೆ ಪರಸ್ಪರ ಜೋಡಣೆಯಿಲ್ಲದ ಗೇಟುಗಳು (ಪುಟ್ಟ ತರ್ಕ ಮಂಡಲಗಳು) ಸಾಲಾಗಿ ಇರುತ್ತಿದ್ದವು. ಗಿರಾಕಿಯ ವಿನ್ಯಾಸಕ್ಕೆ ತಕ್ಕಂತೆ ಕೊನೆಯ ಲೋಹದ ಪದರದಲ್ಲಿ ಅವನ್ನು ಕೂಡಿಸಿ ಕೊಡಲಾಗುತ್ತಿತ್ತು. ಎಫ್‌ಪಿಜಿಎ ಮಾಡುವುದೂ ಅದನ್ನೇ. ಕಾರ್ಖಾನೆಯಲ್ಲಿ ಒಮ್ಮೆ ಆಗುತ್ತಿದ್ದ ಜೋಡಣೆ ಇಲ್ಲಿ ನನ್ನ ಮೇಜಿನ ಮೇಲೆ, ಸ್ವಿಚ್ ಹಾಕಿದಾಗಲೆಲ್ಲ ಹೊಸದಾಗಿ ಆಗುತ್ತದೆ. ಪರದೆಯ ಸ್ಮೃತಿಯನ್ನು ಯುಎಲ್‌ಎ ಓದುತ್ತಿರುವಾಗ ಪ್ರೊಸೆಸರ್ ಅದೇ 16 ಕೆಬಿ ಭಾಗವನ್ನು ಮುಟ್ಟಲು ಬಂದರೆ, ಯುಎಲ್‌ಎ ಅದರ ಗಡಿಯಾರವನ್ನೇ ಆರರಿಂದ ಸೊನ್ನೆಯವರೆಗೆ ಇಳಿಯುವ ಮಿಡಿತಗಳ ಲೆಕ್ಕದಲ್ಲಿ ತಡೆದು ನಿಲ್ಲಿಸುತ್ತಿತ್ತು. ಆ ತಡೆಯೂ ಈ ಕೋರಿನಲ್ಲಿ ಇದೆ. ಕೋರಿನ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ತೆರೆದು ಆ ಸಾಲುಗಳನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನು ತೊಂದರೆಯ ವಿಷಯ. ಸ್ಪೆಕ್ಟ್ರಮ್‌ನ ಒಂದು ಗೆರೆಗೆ 224 ಗಡಿಯಾರ ಮಿಡಿತಗಳು, ಒಂದು ಚಿತ್ರಕ್ಕೆ 312 ಗೆರೆಗಳು. 3.5 ಮೆಗಾಹರ್ಟ್ಸ್ ವೇಗವನ್ನು ಇವುಗಳಿಂದ ಭಾಗಿಸಿದರೆ ಸೆಕೆಂಡಿಗೆ 50.08 ಚಿತ್ರಗಳು, ಅಂದರೆ ಸುಮಾರು 50 ಹರ್ಟ್ಸ್, ಸಿಗುತ್ತವೆ. ನಾನು ಬೋರ್ಡಿಗೆ ಜೋಡಿಸಿದ್ದು ಕೆಲಸಕ್ಕೆಂದು ಕೊಂಡಿದ್ದ ಇಪ್ಪತ್ತನಾಲ್ಕು ಇಂಚಿನ ಮಾನಿಟರ್; ಅದು ಸ್ವೀಕರಿಸುವುದು 56ರಿಂದ 75 ಹರ್ಟ್ಸ್ ವರೆಗೆ ಮಾತ್ರ. ಸಂರಚನಾ ಕಡತದಲ್ಲಿ 50 ಹರ್ಟ್ಸ್ ಕೇಳಿದರೆ ಪರದೆ ಕಪ್ಪಾಗಿ, ಸಿಗ್ನಲ್ ವ್ಯಾಪ್ತಿಯ ಹೊರಗಿದೆ ಎಂಬ ಸಂದೇಶ ಬರುತ್ತಿತ್ತು. 60 ಹರ್ಟ್ಸ್‌ಗೆ ಒಪ್ಪಿಕೊಂಡರೆ ಐವತ್ತು ಚಿತ್ರಗಳನ್ನು ಅರವತ್ತು ಸ್ಥಾನಗಳಲ್ಲಿ ಕೂರಿಸಬೇಕಾಗಿ, ಸೆಕೆಂಡಿಗೆ ಹತ್ತು ಸಲ ಯಾವುದಾದರೊಂದು ಚಿತ್ರ ಎರಡು ಸಲ ಕಾಣಿಸಿಕೊಳ್ಳುತ್ತಿತ್ತು.

ಬರೆಹದಲ್ಲಿ ಇದು ಸಣ್ಣ ವಿಷಯವಾಗಿ ತೋರಬಹುದು. ಪರದೆಯ ಕೆಳಭಾಗದಲ್ಲಿ ಒಂದು ಸಾಲು ಅಕ್ಷರಗಳನ್ನು ಬಲದಿಂದ ಎಡಕ್ಕೆ ಒಂದೊಂದೇ ಚುಕ್ಕೆಯಂತೆ ಸರಿಸುವ ಪ್ರೋಗ್ರಾಂ ಹಾಕಿ ನೋಡಿದರೆ ಇದರ ತೀವ್ರತೆ ಗೊತ್ತಾಗುತ್ತದೆ. ನೀರಿನ ಮೇಲೆ ತೇಲುವಂತೆ ಸಾಗಬೇಕಾದ ಸಾಲು, ಕಲ್ಲುಹಾಸಿನ ಮೇಲೆ ಎಳೆದ ಕೈಗಾಡಿಯಂತೆ ತಡೆತಡೆದು ಚಲಿಸುತ್ತದೆ. ಒಮ್ಮೆ ಕಣ್ಣಿಗೆ ಬಿದ್ದರೆ ಅದು ಮತ್ತೆ ಮರೆಯಾಗುವುದಿಲ್ಲ. ಆಟದಲ್ಲಿ, ಸರಿಯುವ ನಕ್ಷೆಯಲ್ಲಿ, ಕೊನೆಗೆ ನಾನೇ ಬರೆದ ಪುಟ್ಟ ಗಡಿಯಾರದ ಮುಳ್ಳಿನಲ್ಲಿ ಕೂಡ ಅದೇ ಕಾಣತೊಡಗಿತು. ಸಂಜೆ ಬೋರ್ಡ್ ಹಚ್ಚುವುದನ್ನೇ ನಾನು ಕ್ರಮೇಣ ಬಿಟ್ಟೆ. ಇಷ್ಟು ಕರಾರುವಾಕ್ಕಾಗಿ ಒಂದು ಮಂಡಲವನ್ನು ಮರುಸೃಷ್ಟಿಸಿದ ಮೇಲೆ, ಕೊನೆಯ ಒಂದೂವರೆ ಮೀಟರ್ ಕೇಬಲ್ಲಿನ ಆಚೆ ಆ ಶ್ರಮವೆಲ್ಲ ಹಾಳಾಗುವುದನ್ನು ನೋಡಿ ನನಗೆ ನಿಜವಾಗಿ ಬೇಸರವಾಗಿತ್ತು. ಮನೆಯ ದೊಡ್ಡ ಟಿವಿ 50 ಹರ್ಟ್ಸ್ ಒಪ್ಪಿಕೊಂಡಿತಾದರೂ, ಚಿತ್ರವನ್ನು ತಿದ್ದಿ ತೀಡಿ ತೋರಿಸುವಷ್ಟರಲ್ಲಿ ಕೀಲಿ ಒತ್ತಿದ್ದಕ್ಕೂ ಪರದೆಯ ಮೇಲಿನ ಚಲನೆಗೂ ನಡುವೆ ಅಂತರ ಬೀಳುತ್ತಿತ್ತು. ಅದೂ ಅಲ್ಲದೆ ಸಂಜೆಯ ಹೊತ್ತು ಆ ಟಿವಿ ನನ್ನ ಹೆಂಡತಿಯ ಧಾರಾವಾಹಿಗಳಿಗೆ ಮೀಸಲು.

ಪರಿಹಾರ ಸಿಕ್ಕಿದ್ದು ಜುನಾ ಬಜಾರಿನಲ್ಲಿ. ಭಾನುವಾರ ಮತ್ತು ಬುಧವಾರ ಸೇರುವ ಆ ಸಂತೆಗೆ ನಾನು ಹೋದದ್ದು ಟೇಪ್ ರೆಕಾರ್ಡರಿಗೆ ಬೆಲ್ಟ್ ಹುಡುಕಲು. ಹಳೆಯ ಮಿಕ್ಸರುಗಳ ನಡುವೆ ಇಪ್ಪತ್ತೊಂದು ಇಂಚಿನ ಪಿಕ್ಚರ್ ಟ್ಯೂಬಿನ ಟಿವಿಯೊಂದು ಕಂಡಿತು. ಹಿಂಬದಿಯಲ್ಲಿ ಹಳದಿ ಸಾಕೆಟ್ಟಿನ ಜೊತೆಗೆ ಹಸಿರು, ನೀಲಿ, ಕೆಂಪು ಎಂಬ ಮೂರು ಕಾಂಪೊನೆಂಟ್ (ಚಿತ್ರವನ್ನು ಮೂರು ತಂತಿಗಳಲ್ಲಿ ಹಂಚಿ ಒಯ್ಯುವ) ಸಾಕೆಟ್ಟುಗಳೂ ಇದ್ದವು. ಮಿಸ್ಟರ್‌ನ ಅನಲಾಗ್ ಬೋರ್ಡಿನಿಂದ ಈ ಬಗೆಯ ಸಿಗ್ನಲನ್ನು ನೇರವಾಗಿ ಕೊಡಬಹುದೆಂದು ನನಗೆ ತಿಳಿದಿತ್ತು. 1,200 ರೂಪಾಯಿಗೆ ಕೊಂಡು ರಿಕ್ಷಾದಲ್ಲಿ ತಂದೆ. ಚಿತ್ರ ಮೇಲೆ ಕೆಳಗೆ ಕುಗ್ಗಿತ್ತು. ನಮ್ಮ ಬಡಾವಣೆಯಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟುಕೊಂಡಿರುವ ವಿಜಯಪುರದ ಹಿರಿಯರು ಹಿಂದಿನ ಮುಚ್ಚಳ ತೆಗೆದು, ಬೆರಳಿನಿಂದ ಧೂಳೊರೆಸಿ ನೋಡಿ, “ಟ್ಯೂಬ್ ಚಲೋ ಅದರೀ ಸರ, ವರ್ಟಿಕಲ್ ಕಡೆ ಎರಡು ಕಂಡೆನ್ಸರ್ ಹೋಗ್ಯಾವ, ಅವನ್ನ ಹಾಕಿದ್ರ ಮುಗೀತು” ಎಂದರು. ನಾಲ್ಕು ನೂರು ರೂಪಾಯಿಯಲ್ಲಿ ಕೆಲಸ ಮುಗಿಯಿತು.

ಆ ರಾತ್ರಿ ಅದೇ ಸಾಲು ಅಕ್ಷರಗಳ ಪ್ರೋಗ್ರಾಮನ್ನು ಹಾಕಿದೆ. ಸಾಲು ತೇಲಿತು. ಸ್ಪೆಕ್ಟ್ರಮ್‌ನ ಗೆರೆಗಳು ಸೆಕೆಂಡಿಗೆ 15,625. ದೂರದರ್ಶನದ ಕಾಲದಿಂದ ನಮ್ಮ ಟಿವಿಗಳು ನಡೆದುಕೊಂಡು ಬಂದ ಪಾಲ್ ಎಂಬ ಪ್ರಸಾರ ಪದ್ಧತಿಯ ಗೆರೆಗಳೂ ಸೆಕೆಂಡಿಗೆ 15,625. ನಡುವೆ ಯಾವ ಅನುವಾದವೂ ಬೇಕಿಲ್ಲ. ಕೋರ್ ಹೊರಹಾಕಿದ ಗೆರೆ ಆ ಕ್ಷಣದಲ್ಲೇ ಗಾಜಿನ ಮೇಲೆ ಬೆಳಗುತ್ತದೆ. ಕೀಲಿಗೂ ಚಲನೆಗೂ ನಡುವಿನ ಅಂತರ ಇಲ್ಲವಾಯಿತು. ಎಂಟು ತಿಂಗಳು ನಾನು ಬೋರ್ಡಿನ ಮೇಲೆ ಹೊರಿಸಿದ್ದ ಕೊರತೆಯೆಲ್ಲ ಮಾನಿಟರಿನದಾಗಿತ್ತು. ಆದುದರಿಂದ ಕೊಳ್ಳುವವರಿಗೆ ನನ್ನ ಮೊದಲ ಸಲಹೆ: ಬೋರ್ಡಿಗಿಂತ ಮುಂಚೆ ನಿಮ್ಮ ಪರದೆ 50 ಹರ್ಟ್ಸ್ ಸ್ವೀಕರಿಸುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ.

ಈಗ ಸಂಜೆಯ ಕ್ರಮ ಹೀಗಿದೆ. ಚಹಾ ಮುಗಿಸಿ ಟಿವಿ ಹಚ್ಚುತ್ತೇನೆ. ಟ್ಯೂಬ್ ಕಾಯಲು ಹಿಡಿಯುವ ಹತ್ತು ಸೆಕೆಂಡಿನಲ್ಲಿ ಬೋರ್ಡ್ ತಯಾರಾಗುತ್ತದೆ. ಡಬ್ಬಿಯಿಂದ ಒಂದು ಕ್ಯಾಸೆಟ್ ತೆಗೆದು, ಸಡಿಲವಾದ ಟೇಪನ್ನು ಪೆನ್ಸಿಲ್ ತೂರಿಸಿ ಬಿಗಿ ಮಾಡಿ, ರೆಕಾರ್ಡರಿಗೆ ಹಾಕುತ್ತೇನೆ. ರೆಕಾರ್ಡರಿನ ಇಯರ್‌ಫೋನ್ ಸಾಕೆಟ್ಟಿನಿಂದ ಹೊರಟ ತಂತಿ, ಎಡಿಸಿಗೆ (ಸದ್ದಿನ ಅಲೆಯನ್ನು ಅಂಕಿಗಳಾಗಿಸುವ ಭಾಗಕ್ಕೆ) ಸೇರಿಸಿದ ಒಂದು ಪುಟ್ಟ ಬೋರ್ಡಿನ ಮೂಲಕ ಒಳಗೆ ಹೋಗುತ್ತದೆ. ಜೆ ಕೀಲಿಯನ್ನು ಒತ್ತಿದರೆ ಲೋಡ್ ಎಂಬ ಪದ ಇಡಿಯಾಗಿ ಮೂಡುತ್ತದೆ. ಉದ್ಧರಣ ಚಿಹ್ನೆಯನ್ನು ಎರಡು ಸಲ ಹಾಕಿ ಎಂಟರ್ ಒತ್ತಿ ಟೇಪ್ ಬಿಡುತ್ತೇನೆ. ಸುಮಾರು 807 ಹರ್ಟ್ಸ್‌ನ ನೀಳವಾದ ಒಂದೇ ಸ್ವರ ಐದು ಸೆಕೆಂಡು ಕೇಳಿಸಿ, ಪರದೆಯ ಅಂಚಿನಲ್ಲಿ ಕೆಂಪು ಮತ್ತು ತಿಳಿನೀಲಿ ಪಟ್ಟಿಗಳು ಹರಿಯುತ್ತವೆ. ಸ್ವರ ಒಡೆದು ಗರಗರ ಸದ್ದಾದೊಡನೆ ಪಟ್ಟಿಗಳು ನೀಲಿ ಮತ್ತು ಹಳದಿಯಾಗುತ್ತವೆ. ಮಾಮಾನಿಗೆ ಈಗ ಎಪ್ಪತ್ತೆಂಟು; ಫೋನ್ ಮಾಡಿದಾಗಲೆಲ್ಲ ಅವರು ಮೊದಲು ಕೇಳುವುದು, “ಹಳದಿ ಪಟ್ಟಿ ಬಂದ್ವೇನೋ?” ಎಂದು.

ಹಳೆಯ ಟೇಪಿಗೆ ಬೇಕಾದದ್ದು ತಾಳ್ಮೆ ಮತ್ತು ಒಂದು ಸಣ್ಣ ಸ್ಕ್ರೂಡ್ರೈವರ್. ಸೊನ್ನೆಯೆಂಬ ಬಿಟ್ ಸುಮಾರು ಅರ್ಧ ಮಿಲಿಸೆಕೆಂಡಿನ ಅಲೆ, ಒಂದೆಂಬ ಬಿಟ್ ಅದರ ಇಮ್ಮಡಿ. ಟೇಪನ್ನು ಓದುವ ಹೆಡ್ಡಿನ ಓರೆ ಒಂದಿಷ್ಟು ತಪ್ಪಿದರೂ ಚಿಕ್ಕ ಅಲೆಗಳು ಮಸುಕಾಗಿ, ಗಣಕ ಎರಡನ್ನೂ ಬೇರ್ಪಡಿಸಲಾರದೆ ದೋಷ ಸೂಚಿಸಿ ನಿಲ್ಲುತ್ತದೆ. ಹೆಡ್ಡಿನ ಪಕ್ಕದಲ್ಲಿರುವ ಸ್ಕ್ರೂವನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸುತ್ತ, ಸದ್ದು ಅತಿ ತೀಕ್ಷ್ಣವಾಗಿ ಕೇಳುವ ಸ್ಥಾನದಲ್ಲಿ ಕೈ ಬಿಡಬೇಕು. ಪ್ರತಿ ಕ್ಯಾಸೆಟ್ಟಿಗೂ ಆ ಸ್ಥಾನ ಬೇರೆ; ಯಾವುದಕ್ಕೆ ಎಷ್ಟು ಎಂದು ಡಬ್ಬಿಯ ಮುಚ್ಚಳದ ಒಳಗೆ ಬರೆದಿಟ್ಟಿದ್ದೇನೆ. ಸರಿಯಾಗಿ ಕೂತಾಗ ಚಿತ್ರ ಬರುವ ರೀತಿಯೇ ಒಂದು ಹಬ್ಬ: ಪರದೆ ಮೂರು ಭಾಗವಾಗಿ, ಪ್ರತಿ ಭಾಗದಲ್ಲಿಯೂ ಎಂಟು ಗೆರೆಗೊಂದರಂತೆ ಬಿಟ್ಟುಬಿಟ್ಟು ತುಂಬಿ, ಎಲ್ಲ ಗೆರೆಗಳೂ ಕಪ್ಪು ಬಿಳುಪಿನಲ್ಲಿ ಮುಗಿದ ಮೇಲೆ, ಕೊನೆಯ ಕೆಲವು ಸೆಕೆಂಡಿನಲ್ಲಿ ಮೇಲಿನಿಂದ ಕೆಳಕ್ಕೆ ಬಣ್ಣ ಇಳಿಯುತ್ತದೆ.

ಬೇಸಿಕ್‌ನಲ್ಲಿ ಕನ್ನಡ ಅಕ್ಷರ ಮೂಡಿಸುವುದು ಈ ಮೂರು ವರ್ಷಗಳಲ್ಲಿ ಹತ್ತಿದ ಇನ್ನೊಂದು ಹವ್ಯಾಸ. ಬಳಕೆದಾರರೇ ರಚಿಸಿಕೊಳ್ಳಬಹುದಾದ ಅಕ್ಷರಗಳು ಇಪ್ಪತ್ತೊಂದು, ಒಂದೊಂದೂ ಎಂಟಕ್ಕೆಂಟು ಚುಕ್ಕೆ. ಗ್ರಾಫ್ ಪುಸ್ತಕದಲ್ಲಿ ಮೊದಲು ‘ಕ’ ಬರೆದೆ: ತಲೆಕಟ್ಟಿಗೆ ಎರಡು ಸಾಲು, ಅಡ್ಡಗೆರೆಗೆ ಒಂದು, ಕೆಳಗಿನ ದುಂಡಿಗೆ ನಾಲ್ಕು, ಸಾಲುಗಳ ನಡುವಿನ ತೆರಪಿಗೆ ಒಂದು. ಅದು ಸುಲಭವಾಗಿಯೇ ಕೂತಿತು. ‘ಮ’, ‘ಯ’, ‘ಝ’ ಕೂರಲಿಲ್ಲ. ಅವಕ್ಕೆ ಎರಡು ಮನೆಗಳನ್ನು ಕೊಡಬೇಕಾಯಿತು. ಒತ್ತಕ್ಷರ ಬಂದರೆ ಕೆಳಗೂ ಒಂದು ಮನೆ ಬೇಕು. ಇಪ್ಪತ್ತೊಂದರ ಮಿತಿಯನ್ನು ದಾಟಲು 23675ನೆಯ ವಿಳಾಸದಲ್ಲಿರುವ ಸೂಚಕವನ್ನು ಬದಲಿಸುತ್ತ ಹಲವು ಕಟ್ಟುಗಳನ್ನು ಇಟ್ಟುಕೊಂಡಿದ್ದೇನೆ. ಪಿಕ್ಚರ್ ಟ್ಯೂಬಿನ ಮೇಲೆ ಚುಕ್ಕೆಗಳ ಅಂಚು ತುಸು ಕರಗುವುದರಿಂದ ಕನ್ನಡದ ದುಂಡು ನಿಜವಾಗಿಯೂ ದುಂಡಗೆ ಕಾಣುತ್ತದೆ. ಮಾನಿಟರಿನ ಮೇಲೆ ಅದೇ ಅಕ್ಷರ ಇಟ್ಟಿಗೆ ಜೋಡಿಸಿದಂತಿತ್ತು.

ಉಳಿದ ಕೋರ್‌ಗಳ ಬಗ್ಗೆ ಹೆಚ್ಚು ಹೇಳಲಾರೆ. 1984ರ ಕ್ಲಾಸ್ ಎಂಬ ಕಂಪ್ಯೂಟರ್ ಸಾಕ್ಷರತಾ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೊ ಇಲ್ಲಿ ಸೊಗಸಾಗಿ ನಡೆಯುತ್ತದೆ. ಕಮೊಡೋರ್ 64 ಅನ್ನು ಎರಡು ಸಲ ತೆರೆದಿದ್ದೇನೆ.

ಖರ್ಚಿನ ಮಾತು. ಸುಂಕ ಸೇರಿ ಬೋರ್ಡಿಗೆ ಸುಮಾರು 22,000 ರೂಪಾಯಿ, ಸ್ಮೃತಿ ಮತ್ತು ಅನಲಾಗ್ ಬೋರ್ಡುಗಳಿಗೆ 9,000, ಟಿವಿಗೆ ರಿಪೇರಿ ಸೇರಿ 1,600 ಆಯಿತು. ಸಂಬಳದ ನನಗೆ ಇದು ಎರಡು ವರ್ಷದ ಬೋನಸ್ಸಿನಿಂದ ತೆಗೆದಿಟ್ಟ ಹಣ. ಟೇಪಿನ ಗೋಜಿಲ್ಲದವರು, ವಿನ್ಯಾಸದ ಸಂಕೇತವನ್ನು ಓದುವ ಆಸೆಯಿಲ್ಲದವರು ಇಷ್ಟು ಹಣ ಹಾಕಬೇಕೆಂದು ನಾನು ಹೇಳುವುದಿಲ್ಲ. ನಾನು ಕೊಟ್ಟ ಹಣಕ್ಕೆ ತಕ್ಕ ಫಲ ನನಗೆ ಸಿಕ್ಕಿದೆ. ಬೋರ್ಡ್ ಮೂರು ವರ್ಷದಲ್ಲಿ ಒಮ್ಮೆಯೂ ಕೆಟ್ಟಿಲ್ಲ; ಏನನ್ನೋ ಉಳಿಸುತ್ತಿರುವಾಗ ಕರೆಂಟು ಹೋಗಿ ಮೈಕ್ರೊ ಎಸ್‌ಡಿ ಕಾರ್ಡ್ ಒಮ್ಮೆ ಕೆಟ್ಟಿತ್ತು, ಅಂದಿನಿಂದ ಅದರ ಪ್ರತಿಯೊಂದನ್ನು ಬೇರೆಯಾಗಿ ಇಟ್ಟಿದ್ದೇನೆ.

ಹನ್ನೊಂದು ಕ್ಯಾಸೆಟ್ಟುಗಳಲ್ಲಿ ಹತ್ತನ್ನು ಓದಿ ಆಯಿತು. ಹನ್ನೊಂದನೆಯದರ ಎರಡನೆಯ ಬದಿ, ಮಾಮಾ ತಮ್ಮ ಕೈಬರಹದಲ್ಲಿ ‘ಪಂಚಾಂಗ’ ಎಂದು ಬರೆದಿಟ್ಟದ್ದು, ರೆಕಾರ್ಡರಿನ ಕೌಂಟರ್ 112ಕ್ಕೆ ಬಂದೊಡನೆ ದೋಷ ತೋರಿಸಿ ನಿಲ್ಲುತ್ತದೆ. ಅಲ್ಲಿ ಟೇಪಿಗೆ ಒಂದು ಮಡಿಕೆ ಬಿದ್ದಿದೆ. ಕಳೆದ ವಾರ, ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಪ್ರೆಷರ್ ಪ್ಯಾಡ್ ಬದಲಿಸಿದ ಮೇಲೆ 114ರವರೆಗೆ ಹೋಗಿದೆ.