ಆಫೀಸ್ ಡೊಮೇನ್‌ಗೆ ಡಾಟ್ ಲೋಕಲ್ ಅಂತ ಹೆಸರಿಡಬೇಡಿ

ಆಫೀಸಿನ ಯೂಸರ್, ಕಂಪ್ಯೂಟರ್‌ಗಳನ್ನೆಲ್ಲ ಒಂದೇ ಕಡೆ ನಿಭಾಯಿಸುವ ಮೈಕ್ರೋಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿಯನ್ನು ಹೊಸದಾಗಿ ಹಾಕುವಾಗ ಡೊಮೇನ್ ಹೆಸರು ಟೈಪ್ ಮಾಡುವುದು ಅರೆ ನಿಮಿಷದ ಕೆಲಸ. ಆದರೆ ಬೇರೆ ಯಾರೋ ಹಾಗೆ ಟೈಪ್ ಮಾಡಿದ ಹೆಸರಿನಿಂದ ನಮ್ಮ ತಂಡ ಪಟ್ಟ ಪಾಡು ದೊಡ್ಡದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಸೇರುವ ಹೊತ್ತಿಗೆ ನಮ್ಮ ಡೊಮೇನ್ ಹೆಸರಿನ ಕೊನೆಗೆ ಡಾಟ್ ಲೋಕಲ್ ಇತ್ತು. ಒಂದು ಕಾಲದಲ್ಲಿ ಇದು ತೀರಾ ಮಾಮೂಲು. ಮೈಕ್ರೋಸಾಫ್ಟ್‌ನ ಸ್ಮಾಲ್ ಬಿಸಿನೆಸ್ ಸರ್ವರ್ ತಾನೇ ಈ ಹೆಸರು ಸೂಚಿಸುತ್ತಿತ್ತು. ಬರೀ ವಿಂಡೋಸ್ ಇದ್ದಷ್ಟು ದಿನ ಎಲ್ಲ ಸರಿಯಾಗಿಯೇ ನಡೆಯಿತು. ಮ್ಯಾಕ್, ಲಿನಕ್ಸ್ ಲ್ಯಾಪ್‌ಟಾಪ್‌ಗಳು ಬಂದ ಮೇಲೆ ಕಾಟ ಶುರುವಾಯಿತು. ಫೈಲ್ ಸರ್ವರ್ ಒಮ್ಮೆ ಸಿಗುತ್ತದೆ, ಒಮ್ಮೆ ಇಲ್ಲ. ಲಾಗಿನ್‌ಗೆ ಕಾಯುತ್ತಾ ಕೂರಬೇಕು. ಹೆಸರಿನ ಐಪಿ ವಿಳಾಸ ಹುಡುಕುವ ಎನ್ಎಸ್‌ಲುಕಪ್ ಕಮಾಂಡ್ ಸರಿಯಾದ ಐಪಿ ತೋರಿಸುತ್ತದೆ, ಅದೇ ಹೆಸರಿಗೆ ಪಿಂಗ್ ಮಾಡಿದರೆ ಅಂಥ ಹೋಸ್ಟೇ ಇಲ್ಲ ಅನ್ನುತ್ತದೆ! ಸ್ವಿಚ್, ಕೇಬಲ್, ವೈಫೈ ಎಲ್ಲದರ ಮೇಲೂ ಸುಮ್ನೆ ಅನುಮಾನಪಟ್ಟೆವು.

ಕಾರಣ ಹೆಸರೇ. ಡಾಟ್ ಲೋಕಲ್ ಅನ್ನು 2013ರ ಆರ್‌ಎಫ್‌ಸಿ 6762 ಎಂಬ ಇಂಟರ್ನೆಟ್ ಮಾನದಂಡ ಮಲ್ಟಿಕಾಸ್ಟ್ ಡಿಎನ್ಎಸ್‌ಗೆ, ಅಂದರೆ ಸರ್ವರ್ ಇಲ್ಲದೆ ಯಂತ್ರಗಳು ತಮ್ಮತಮ್ಮಲ್ಲೇ ಹೆಸರು ಕೇಳಿಕೊಳ್ಳುವ ಪದ್ಧತಿಗೆ, ಮೀಸಲಿಟ್ಟಿದೆ. ಆಪಲ್‌ನ ಬಾನ್‌ಜೂರ್, ಲಿನಕ್ಸ್‌ನ ಅವಾಹಿ ಬಳಸುವುದು ಇದನ್ನೇ. ಡಾಟ್ ಲೋಕಲ್ ಕಂಡರೆ ಇವು ಹೆಸರಿಗೆ ಐಪಿ ಹೇಳುವ ನಿಮ್ಮ ಡಿಎನ್ಎಸ್ ಸರ್ವರ್ ಬಿಟ್ಟು, 5353 ಪೋರ್ಟ್‌ನಲ್ಲಿ ಪಕ್ಕದ ಯಂತ್ರಗಳನ್ನೆಲ್ಲ ಕೇಳುತ್ತವೆ. ಉತ್ತರ ಬರದಿದ್ದರೆ ಎಷ್ಟೋ ಲಿನಕ್ಸ್‌ಗಳು ಹುಡುಕುವುದನ್ನು ಅಲ್ಲಿಗೇ ನಿಲ್ಲಿಸುತ್ತವೆ. ಎನ್ಎಸ್‌ಲುಕಪ್ ನೇರವಾಗಿ ಡಿಎನ್ಎಸ್ ಸರ್ವರನ್ನೇ ಕೇಳುವುದರಿಂದ ಅದಕ್ಕೆ ಮಾತ್ರ ಉತ್ತರ ಸಿಗುತ್ತಿತ್ತು.

ಸೈಟ್ ಅಸಲಿ ಎಂದು ಬ್ರೌಸರ್‌ಗೆ ತೋರಿಸುವ ಸರ್ಟಿಫಿಕೇಟ್‌ನ ಕಥೆ ಇನ್ನೊಂದು. 2015ರ ನವೆಂಬರ್‌ನಿಂದ ಸಾರ್ವಜನಿಕ ಸರ್ಟಿಫಿಕೇಟ್ ಸಂಸ್ಥೆಗಳು ಇಂಥ ಒಳಹೆಸರುಗಳಿಗೆ ಸರ್ಟಿಫಿಕೇಟ್ ಕೊಡುವುದಿಲ್ಲ. ನಮ್ಮದೇ ಸಿಎ, ಅಂದರೆ ಸರ್ಟಿಫಿಕೇಟ್ ಕೊಡುವ ವ್ಯವಸ್ಥೆ, ನಡೆಸಿ, ಅದರ ರೂಟ್ ಸರ್ಟಿಫಿಕೇಟನ್ನು ಒಂದೊಂದು ಫೋನಿಗೂ ಹಾಕಬೇಕಾಯಿತು.

ಹೆಸರು ಬದಲಾಯಿಸಿದರೆ ಆಯ್ತು ಅಲ್ವಾ ಅನ್ನಬಹುದು. ಅದಕ್ಕೆ ರೆಂಡಮ್ ಎಂಬ ಟೂಲ್ ಇದೆ ನಿಜ. ಆದರೆ ಡೊಮೇನ್‌ನಲ್ಲಿ ಮೈಕ್ರೋಸಾಫ್ಟ್‌ನ ಮೇಲ್ ಸರ್ವರ್ ಎಕ್ಸ್‌ಚೇಂಜ್ ಇದ್ದರೆ ಆ ದಾರಿ ಮುಚ್ಚಿದಂತೆಯೇ. ನಮ್ಮಲ್ಲಿ ಇತ್ತು. ಕೊನೆಗೆ ಪಕ್ಕದಲ್ಲಿ ಹೊಸ ಡೊಮೇನ್ ಕಟ್ಟಿ ಯೂಸರ್, ಕಂಪ್ಯೂಟರ್, ಫೋಲ್ಡರ್ ಪರ್ಮಿಷನ್ ಎಲ್ಲವನ್ನೂ ಒಂದೊಂದಾಗಿ ಸಾಗಿಸಿದೆವು. ರಜೆಯ ದಿನಗಳೆಲ್ಲ ಅದಕ್ಕೇ ಹೋದವು.

ಹಾಗಂತ ಹೆಸರಿನ ಕೊನೆಗೆ ಬೇರೆ ಬಾಲ ಹುಟ್ಟುಹಾಕಬೇಡಿ. ಡಾಟ್ ಡೆವ್ ಅನ್ನು ಒಳಗೆ ಬಳಸುತ್ತಿದ್ದವರಿಗೆ 2017ರ ಡಿಸೆಂಬರ್‌ನಲ್ಲಿ ಏನಾಯಿತು ನೋಡಿ. ಆ ಬಾಲ ಗೂಗಲ್‌ನದು. ಕ್ರೋಮ್ 63 ಅದಕ್ಕೆ ಎಚ್‌ಟಿಟಿಪಿಎಸ್ ಕಡ್ಡಾಯ ಮಾಡಿತು, ಅದಿಲ್ಲದ ಸೈಟ್‌ಗಳು ತೆರೆಯದಾದವು.

ನೀವೇ ನೋಂದಾಯಿಸಿದ ಡೊಮೇನ್‌ನ ಕೆಳಗೆ ಒಂದು ಹೆಸರು ತೆಗೆದುಕೊಳ್ಳಿ, ಎಡಿ ಡಾಟ್ ಎಕ್ಸಾಂಪಲ್ ಡಾಟ್ ಕಾಮ್ ಥರ. ವೆಬ್‌ಸೈಟಿನ ಹೆಸರನ್ನೇ ಒಳಗೂ ಇಡಬೇಡಿ. ಇಟ್ಟರೆ ಆಫೀಸಿನೊಳಗೆ ಆ ಹೆಸರು ಆಕ್ಟಿವ್ ಡೈರೆಕ್ಟರಿ ನಡೆಸುವ ಸರ್ವರ್‌ಗೆ, ಅಂದರೆ ಡೊಮೇನ್ ಕಂಟ್ರೋಲರ್‌ಗೆ, ಹೋಗುತ್ತದೆ, ನಿಮ್ಮ ಸೈಟ್ ನಿಮಗೇ ತೆರೆಯುವುದಿಲ್ಲ. ನೋಂದಾಯಿಸಿದ ಹೆಸರೇ ಇಲ್ಲದಿದ್ದರೆ ಡಾಟ್ ಇಂಟರ್ನಲ್ ಇದೆ. 2024ರಲ್ಲಿ ಡೊಮೇನ್ ಹೆಸರುಗಳ ಉಸ್ತುವಾರಿ ಸಂಸ್ಥೆ ಐಕ್ಯಾನ್ ಅದನ್ನು ಖಾಸಗಿ ಬಳಕೆಗೆಂದೇ ಕಾದಿರಿಸಿದೆ. ಆದರೆ ಸಾರ್ವಜನಿಕ ಸರ್ಟಿಫಿಕೇಟ್ ಅದಕ್ಕೂ ಸಿಗುವುದಿಲ್ಲ. ಡೊಮೇನ್‌ನ ಚಿಕ್ಕ ಹೆಸರಾದ ನೆಟ್‌ಬಯೋಸ್ ಹೆಸರು 15 ಅಕ್ಷರ ದಾಟುವಂತಿಲ್ಲ, ಅದನ್ನೂ ಈಗಲೇ ಯೋಚಿಸಿ. ಡೊಮೇನ್ ನೋಂದಣಿ ಕಂಪನಿಯ ಹೆಸರಲ್ಲೇ ಇರಲಿ, ಮಾಡಿಕೊಟ್ಟವರ ಹೆಸರಲ್ಲಿ ಬೇಡ.